ಚೆರಿ ಪೈ ಮಧ್ಯದಲ್ಲಿ ಕುದಿದಿರಲಿಲ್ಲ

ಚಾಕು ಇಳಿಸಿದ ತಕ್ಷಣ ರಸ ಹರಿದು ಬೋರ್ಡ್ ದಾಟಿ ಕೌಂಟರ್ ಮೇಲೆ ಬಂತು. ಆರ್ಡರ್ ಕೊಟ್ಟಿದ್ದ ಅಮ್ಮನೇ ಎದುರಿಗೆ ನಿಂತಿದ್ದರು. ಒಂದು ವರ್ಷ ಆಗುತ್ತಾ ಬಂತು, ಆ ಕೆಂಪು ನೀರು ಇನ್ನೂ ಕಣ್ಣಿಂದ ಹೋಗಿಲ್ಲ. ಗಾಂಧಿ ಬಜಾರ್‌ನಲ್ಲಿ ಈ ಸಲದ ಚೆರಿ ಬಾಕ್ಸ್ ನೋಡಿದೆ, ಎಲ್ಲ ಮತ್ತೆ ನೆನಪಾಯಿತು. ಅದಕ್ಕೇ ಬರೆಯುತ್ತಿದ್ದೇನೆ.

ಬಸವನಗುಡಿ ಕಡೆಯ ಒಂದು ಸಣ್ಣ ಬೇಕರಿಯಲ್ಲಿ ನಾನು ಪೇಸ್ಟ್ರಿ ಸೆಕ್ಷನ್ ನೋಡಿಕೊಳ್ಳುತ್ತೇನೆ. ಅಂಗಡಿ ಹೆಸರು ಬೇಡ. ಚೆರಿ ಪೈ, ಅಂದರೆ ಬೆಣ್ಣೆ ಹಿಟ್ಟಿನ ಪದರದೊಳಗೆ ಚೆರಿ ತುಂಬಿ ಓವನ್‌ನಲ್ಲಿ ಬೇಯಿಸುವ ತಿಂಡಿ, ನಮ್ಮ ಮೆನುವಿನಲ್ಲಿ ವರ್ಷಕ್ಕೆ ಐದಾರು ವಾರ ಮಾತ್ರ ಇರುತ್ತದೆ. ಕಾಶ್ಮೀರ, ಹಿಮಾಚಲದಿಂದ ಹಣ್ಣು ಬರುವುದೇ ಮೇ ಮಧ್ಯದಿಂದ ಜುಲೈ ಮೊದಲವರೆಗೆ. ಬೆಂಗಳೂರಲ್ಲಿ ಚೆರಿ ಅಂದರೆ ತುಂಬಾ ಜನಕ್ಕೆ ಇವತ್ತಿಗೂ ಪೇಸ್ಟ್ರಿ ಮೇಲೆ ಇಡುವ ಆ ಕೆಂಪು ಗೋಲಿಯೇ ಅಲ್ವಾ? ಅದರಲ್ಲಿ ಹೆಚ್ಚಿನದು ಚೆರಿಯೇ ಅಲ್ಲ, ಸಕ್ಕರೆ ಪಾಕದಲ್ಲಿ ಹಾಕಿ ಬಣ್ಣ ಕಟ್ಟಿದ ಕವಳಿಕಾಯಿ. ಹಾಗಾಗಿ ನಿಜವಾದ ಚೆರಿಯ ಪೈ ಬೇಕು ಅಂತ ಯಾರಾದರೂ ಕೇಳಿದರೆ ನನಗೆ ಜೀವ ಬಂದ ಹಾಗೆ ಆಗುತ್ತದೆ.

ಆ ಅಮ್ಮ ಕೇಳಿದ್ದು ಎರಡು ಪೈ, 9 ಇಂಚಿನದು. ಅವರ ಯಜಮಾನರ ಎಂಬತ್ತನೇ ಹುಟ್ಟುಹಬ್ಬ. ಇಬ್ಬರೂ ತುಂಬಾ ವರ್ಷ ಅಮೆರಿಕದ ಮಿಶಿಗನ್‌ನಲ್ಲಿ ಇದ್ದವರು. ಅಲ್ಲಿ ಹುಳಿ ಚೆರಿ ಬೆಳೆಯುತ್ತಾರೆ, ಅಮೆರಿಕದ ಹುಳಿ ಚೆರಿಯಲ್ಲಿ ಬಹುಪಾಲು ಅಲ್ಲಿಯದೇ. ವಾಪಸ್ ಬಂದ ಮೇಲೆ ಅವರು ಚೆರಿ ಪೈ ತಿಂದೇ ಇಲ್ಲವಂತೆ. ಇದೆಲ್ಲ ನನಗೆ ಗೊತ್ತಾಗಿದ್ದು ಆಮೇಲೆ. ಆರ್ಡರ್ ತೆಗೆದುಕೊಂಡವರು ಮ್ಯಾನೇಜರ್, ಅದೂ ಹಿಂದಿನ ರಾತ್ರಿ ಒಂಬತ್ತಕ್ಕೆ. ಇಂಡೆಂಟ್, ಅಂದರೆ ಮರುದಿನಕ್ಕೆ ಬೇಕಾದ ಸಾಮಾನಿನ ಪಟ್ಟಿ, ಆರು ಗಂಟೆಗೇ ಕ್ಲೋಸ್ ಆಗಿತ್ತು. ಕಿಚನ್‌ಗೆ ಒಂದು ಮಾತು ಕೇಳದೆ ಶನಿವಾರ ಸಂಜೆ ಐದಕ್ಕೆ ಪಿಕಪ್ ಅಂತ ಒಪ್ಪಿಕೊಂಡುಬಿಟ್ಟಿದ್ದರು. ನಮ್ಮ ಆರ್ಡರ್ ಟ್ಯಾಬ್‌ನಲ್ಲಿ ಕೇಕ್‌ಗೂ ಪೈಗೂ ಒಂದೇ ಲೆಕ್ಕ, ನಾಲ್ಕು ಗಂಟೆ ಮುಂಚೆ ಹೇಳಿದರೆ ಸಾಕು ಅಂತ ತೋರಿಸುತ್ತದೆ. ಬದಲಾಯಿಸಿ ಅಂತ ಹೇಳಿ ಹೇಳಿ ಸಾಕಾಗಿದೆ.

ಬೆಳಗ್ಗೆ ಎಂಟಕ್ಕೆ ಬಂದು ಹಿಟ್ಟು ಮಾಡಿಟ್ಟೆ. ಒಂದು ಪೈಗೆ 300 ಗ್ರಾಂ ಮೈದಾ, 200 ಗ್ರಾಂ ಉಪ್ಪಿಲ್ಲದ ಬೆಣ್ಣೆ, 100 ಗ್ರಾಂ ಐಸ್ ನೀರು, ಚಿಟಿಕೆ ಉಪ್ಪು. ಬೆಣ್ಣೆ ಬಟಾಣಿ ಕಾಳಿನಷ್ಟು ದಪ್ಪ ಇರುವಾಗಲೇ ಕೈ ನಿಲ್ಲಿಸಬೇಕು. ಅದು ಕರಗಿ ಹಿಟ್ಟಿಗೆ ಸೇರಿಬಿಟ್ಟರೆ ಪದರ ಬರುವುದಿಲ್ಲ, ಗಟ್ಟಿ ಬಿಸ್ಕತ್ತಿನ ಥರ ಆಗುತ್ತದೆ. ಈ ಕೆಲಸ ಚೆನ್ನಾಗಿ ಬಂತು. ಹಿಟ್ಟು ಚಿಲ್ಲರ್‌ಗೆ ಹೋಯಿತು. ಇನ್ನು ಚೆರಿ ಬರಬೇಕು.

ಏಳಕ್ಕೆ ಬರಬೇಕಾದ ಚೆರಿ ಬಂದಿದ್ದು ಹತ್ತೂಕಾಲಿಗೆ. ಮೂರು ಬಾಕ್ಸ್, ಒಂದೊಂದು ಕಿಲೋ. ಮೇಲಿನ ಸಾಲು ಚಂದ, ಕೆಳಗಿನ ಸಾಲು ಮೆತ್ತಗೆ, ಕೆಲವು ಒಡೆದೇ ಹೋಗಿದ್ದವು. ಇನ್ನು ಕೆಲವು ಹಳದಿ ಮಿಶ್ರಿತ ಕೆಂಪು. ಮಾವಿನ ಹಾಗೆ ಇಟ್ಟು ಹಣ್ಣು ಮಾಡೋಣ ಅಂದರೆ ಚೆರಿ ಕೇಳುವುದಿಲ್ಲ, ಮರದಿಂದ ಕಿತ್ತ ಮೇಲೆ ಅದು ಹಣ್ಣಾಗುವುದಿಲ್ಲ. ಆರಿಸಿ, ತೊಟ್ಟು ಬಿಡಿಸಿ, ಬೀಜ ತೆಗೆಯಲು ಕೂತೆವು. ಬೀಜ ತೆಗೆಯುವ ಯಂತ್ರ ಒಂದೇ ಇದೆ, ಅದರ ಸ್ಪ್ರಿಂಗ್ ಹೋಗಿ ಎಷ್ಟೋ ದಿನ ಆಗಿದೆ. ಸ್ಟೀಲ್ ಸ್ಟ್ರಾ ತೊಟ್ಟಿನ ಕಡೆಯಿಂದ ಚುಚ್ಚಿ ಬೀಜ ಆಚೆ ತಳ್ಳಬೇಕು. ನೂರಾರು ಹಣ್ಣು. ನಾನು ಮತ್ತು ಒಬ್ಬ ಹುಡುಗ, ಇಬ್ಬರೇ. ಮುಗಿಸಿ ತೂಕ ಹಾಕಿದಾಗ ಹನ್ನೆರಡೂವರೆ ದಾಟಿತ್ತು. ಎರಡು ಪೈಗೆ ಸೇರಿ 2 ಕಿಲೋ ಸಿಕ್ಕಿತು, ಅಷ್ಟೇ.

ನಮ್ಮ ಪದ್ಧತಿ ಹೀಗೆ. ಹಣ್ಣಿಗೆ ಸಕ್ಕರೆ, ನಿಂಬೆರಸ ಹಾಕಿ ಒಂದು ಗಂಟೆ ಇಡುತ್ತೇವೆ. ಸಕ್ಕರೆ ಹಣ್ಣಿನ ನೀರನ್ನು ಎಳೆದು ಹೊರಗೆ ಹಾಕುತ್ತದೆ. ಆ ರಸವನ್ನು ಬಸಿದು, ಕಾರ್ನ್‌ಫ್ಲೋರ್ ಕದಡಿ, ಒಲೆ ಮೇಲೆ ಗಟ್ಟಿಯಾಗುವವರೆಗೆ ಕುದಿಸಿ ಮತ್ತೆ ಹಣ್ಣಿಗೆ ಸೇರಿಸುತ್ತೇವೆ, ಪೂರ್ತಿ ತಣ್ಣಗಾದ ಮೇಲೆ ತುಂಬುತ್ತೇವೆ. ನಮ್ಮ ಕಾಶ್ಮೀರದ ಹಣ್ಣು ಸಿಹಿ ಜಾತಿ, ಮಿಶಿಗನ್‌ನ ಹುಳಿ ಅದಕ್ಕಿಲ್ಲ. ಅದಕ್ಕೆ ಸಕ್ಕರೆ ಕಡಿಮೆ, ಒಂದು ಪೈಗೆ 130 ಗ್ರಾಂ, ನಿಂಬೆರಸ ಸ್ವಲ್ಪ ಜಾಸ್ತಿ. ಇದು ನನಗೆ ಬಾಯಿಪಾಠ.

ಅವತ್ತು ಆ ಒಂದು ಗಂಟೆ ನನ್ನ ಹತ್ತಿರ ಇರಲಿಲ್ಲ. ಇರಲಿಲ್ಲ ಅಂತ ನಾನು ಅಂದುಕೊಂಡೆ. ಹಸಿ ಹಣ್ಣು, ಸಕ್ಕರೆ, 40 ಗ್ರಾಂ ಕಾರ್ನ್‌ಫ್ಲೋರ್ ಎಲ್ಲ ಒಟ್ಟಿಗೆ ಕಲಸಿ ಟಿನ್‌ಗೆ ತುಂಬಿದೆ. ಹೀಗೂ ಎಷ್ಟೋ ಜನ ಮಾಡುತ್ತಾರೆ, ತಪ್ಪೇನಲ್ಲ, ಆದರೆ ಹೀಗೆ ಮಾಡಿದರೆ ಆ ಹಿಟ್ಟು ಬೇಯುವ ಕೆಲಸ ಪೂರ್ತಿ ಓವನ್ ಮೇಲೆ ಬೀಳುತ್ತದೆ. ಮೇಲೆ ಹಿಟ್ಟಿನ ಪಟ್ಟಿ ಹೆಣೆದೆ, ಮೊಟ್ಟೆ ಬೇಡ ಅಂದಿದ್ದರಿಂದ ಕ್ರೀಮ್ ಸವರಿದೆ, ಸಕ್ಕರೆ ಚಿಮುಕಿಸಿದೆ. ಎರಡೂ ಪೈ ಡೆಕ್ ಓವನ್ (ಒಂದರ ಮೇಲೊಂದು ಕಲ್ಲಿನ ಅಂತಸ್ತು ಇರುವ ಓವನ್) ಒಳಗೆ ಹೋದಾಗ ಎರಡು ಇಪ್ಪತ್ತು. 200 ಡಿಗ್ರಿಯಲ್ಲಿ ಇಪ್ಪತ್ತು ನಿಮಿಷ, ಆಮೇಲೆ 180ಕ್ಕೆ ಇಳಿಸಿ ಇನ್ನೂ ನಲವತ್ತು ಅಂತ ಲೆಕ್ಕ.

ನಮ್ಮ ಓವನ್ ನೋಡಿಕೊಳ್ಳುವ ಅಣ್ಣ ಹಾಸನ ಕಡೆಯವರು. ಇಪ್ಪತ್ತು ವರ್ಷ ಅಯ್ಯಂಗಾರ್ ಬೇಕರಿಗಳಲ್ಲಿ ಬ್ರೆಡ್ಡು, ಬನ್ನು ಮಾಡಿ ಬಂದವರು. ಚೆರಿ ಪೈ ಅವರಿಗೆ ಇಷ್ಟವಿಲ್ಲ, ಬಾಯಿಗೂ ಹಾಕುವುದಿಲ್ಲ. ಆದರೆ ಓವನ್ ಬಾಗಿಲು ಅವರ ಕೈಯಲ್ಲಿ.

ಮೂರು ಗಂಟೆಗೆ ನಾನು ಇಣುಕಿ ನೋಡಿದೆ. ಮೇಲೆ ಬಂಗಾರದ ಬಣ್ಣ ಬಂದಿತ್ತು, ಅಂಚು ಇನ್ನೂ ಸ್ವಲ್ಪ ಗಾಢ. ನಮ್ಮ ಡೆಕ್‌ನಲ್ಲಿ ಮೇಲಿನ ಕಾವು ಜಾಸ್ತಿ, ಬೇಗ ಬಣ್ಣ ಕೊಡುತ್ತದೆ, ಇದು ನನಗೆ ಗೊತ್ತಿದ್ದ ವಿಷಯ. ಆದರೂ ಆ ಬಣ್ಣ ನೋಡಿ ಮನಸ್ಸಿಗೆ ಸಮಾಧಾನ ಆಯಿತು. ತಲೆಯಲ್ಲಿ ಒಂದೇ ಲೆಕ್ಕ ಓಡುತ್ತಿತ್ತು. ಪೈ ಆರುವುದಕ್ಕೆ ಮೂರು, ನಾಲ್ಕು ಗಂಟೆ ಬೇಕು. ಐದಕ್ಕೆ ಪಿಕಪ್. ಈಗಲೇ ತೆಗೆದರೆ ಎರಡು ಗಂಟೆಯಾದರೂ ಸಿಗುತ್ತದೆ.

"ಅಣ್ಣ, ತೆಗೀರಿ" ಅಂದೆ.

"ಮಧ್ಯ ಇನ್ನೂ ಕುದ್ದಿಲ್ಲ ಕಣಮ್ಮ. ಬರೀ ಅಂಚಲ್ಲಿ ಗುಳ್ಳೆ ಬರ್ತಾ ಇದೆ."

"ಬಣ್ಣ ಬಂದಿದೆ ಅಣ್ಣ. ಇನ್ನೂ ಬಿಟ್ರೆ ಸೀದುಹೋಗುತ್ತೆ. ನನಗೆ ಗೊತ್ತು, ತೆಗೀರಿ."

ಅವರು ಒಂದು ಕ್ಷಣ ನನ್ನ ಮುಖ ನೋಡಿದರು. ಏನೂ ಹೇಳದೆ ತೆಗೆದು ರ‍್ಯಾಕ್ ಮೇಲೆ ಇಟ್ಟರು. ನನಗೆ ಗೊತ್ತು ಅಂದ ಆ ದನಿ ನೆನೆಸಿಕೊಂಡರೆ ಈಗಲೂ ಬೇಜಾರಾಗುತ್ತದೆ. ಆರಲು ಸಮಯ ಬೇಕು ಅಂತ ಬೇಯುವ ಸಮಯವನ್ನು ಕಿತ್ತುಕೊಂಡೆ. ಬೇಯದೇ ಇರುವುದು ಎಷ್ಟು ಹೊತ್ತು ಆರಿದರೂ ಗಟ್ಟಿ ಆಗುವುದಿಲ್ಲ, ಅನ್ನುವುದು ಆ ಗಡಿಬಿಡಿಯಲ್ಲಿ ತಲೆಗೆ ಬರಲೇ ಇಲ್ಲ.

ಮೂರು ನಲವತ್ತಕ್ಕೆ ಎರಡನ್ನೂ ವಾಕ್-ಇನ್‌ಗೆ, ಅಂದರೆ ಒಳಗೆ ನಡೆದು ಹೋಗುವಷ್ಟು ದೊಡ್ಡ ಚಿಲ್ಲರ್‌ಗೆ, ಸೇರಿಸಿದೆ. ನಾಲ್ಕೂವರೆಗೆ ಮುಟ್ಟಿ ನೋಡಿದೆ, ಟಿನ್ ತಣ್ಣಗಿತ್ತು. ಆ ಹೊತ್ತಿಗೆ ಅಮ್ಮ ಅರ್ಧ ಗಂಟೆ ಮುಂಚೆಯೇ ಬಂದು ಕೂತಿದ್ದರು. ಮ್ಯಾನೇಜರ್‌ಗೆ ಫೋಟೋ ಬೇಕಿತ್ತು. "ಒಂದು ಪೀಸ್ ಕಟ್ ಮಾಡಿ, ಒಳಗಡೆ ಕಾಣ್ಬೇಕು, ಮೇಡಂಗೂ ತೋರಿಸೋಣ" ಅಂದರು. ಅಮ್ಮನೂ ಖುಷಿಯಾಗಿ ಎದ್ದು ಬಂದರು.

ಮೊದಲ ಗೆರೆ ಎಳೆದಾಗಲೇ ಕೈಗೆ ಗೊತ್ತಾಯಿತು. ಚಾಕು ಮೇಲಿನ ಪದರ ದಾಟಿದ ಮೇಲೆ ಏನೂ ತಡೆಯಲಿಲ್ಲ, ಸಾರಿನೊಳಗೆ ಸೌಟು ಇಳಿದ ಹಾಗೆ ಇಳಿಯಿತು. ಎರಡನೇ ಗೆರೆ ಎಳೆಯಬಾರದಿತ್ತು. ಎಳೆದೆ. ತುಂಡು ಎತ್ತಿದೆ, ಕೆಳಗಿನ ಹಿಟ್ಟು ಒದ್ದೆಯಾಗಿ ಜೋತು ಬಿತ್ತು, ಹಣ್ಣು ಒಂದೊಂದಾಗಿ ಜಾರಿತು, ಹಿಂದೆಯೇ ರಸ. ಬಟ್ಟೆ ತೆಗೆದುಕೊಂಡು ಒರೆಸುವುದಕ್ಕೂ ಕೈ ಬರಲಿಲ್ಲ. ಬೆರಳಲ್ಲಿ ರಸ ಮುಟ್ಟಿ ನಾಲಿಗೆಗೆ ಹಚ್ಚಿದೆ. ಹಸಿ ಹಿಟ್ಟಿನ ರುಚಿ.

ಮ್ಯಾನೇಜರ್ ಸುಮ್ನೆ ಫೋನ್ ಜೇಬಿಗೆ ಹಾಕಿಕೊಂಡರು. ಅಮ್ಮ ಒಂದು ಮಾತೂ ಗದರಲಿಲ್ಲ. "ಅವರು ಬೆಳಗ್ಗಿಂದ ಕಾಯ್ತಾ ಇದ್ದಾರೆ" ಅಂದರು, ಅಷ್ಟೇ. ಬೈದಿದ್ದರೆ ವಾಸಿ ಇತ್ತು.

ಒಳಗಿಂದ ಅಣ್ಣ ಬಂದರು. ಕೌಂಟರ್ ನೋಡಿದರು. ಕತ್ತರಿಸದೇ ಇದ್ದ ಎರಡನೇ ಪೈ ಕೈಗೆ ತೆಗೆದುಕೊಂಡು, "ಇದನ್ನ ಮತ್ತೆ ಒಳಗೆ ಹಾಕೋಣ" ಅಂದರು. ಅಲ್ಯೂಮಿನಿಯಂ ಟಿನ್ ಆಗಿದ್ದಕ್ಕೆ ಸರಿಹೋಯಿತು, ಗಾಜಿನದಾಗಿದ್ದರೆ ಚಿಲ್ಲರ್‌ನಿಂದ ನೇರ ಓವನ್‌ಗೆ ಇಡುವ ಧೈರ್ಯ ಯಾರೂ ಮಾಡಬಾರದು, ಸೀಳಿಹೋಗುತ್ತದೆ. ಮೇಲೆ ಸೀಯದ ಹಾಗೆ ಫಾಯಿಲ್ ಹೊದಿಸಿದರು, ನಡುವೆ ಮಾತ್ರ ಒಂದು ಕಿಂಡಿ ಬಿಟ್ಟರು. ಕೆಳಗಿನ ಡೆಕ್, ಕಲ್ಲಿನ ಮೇಲೆ ನೇರ, 190. ಸ್ಟೂಲ್ ಎಳೆದುಕೊಂಡು ನಾನೂ ಅಲ್ಲೇ ಕೂತೆ.

"ಅಂಬಲಿ ಕಾಯ್ಸಿದೀಯಾ?" ಅಂತ ಕೇಳಿದರು. ಹೂಂ ಅಂದೆ. "ಸುತ್ತ ಗುಳ್ಳೆ ಬಂದ ತಕ್ಷಣ ಇಳಿಸ್ತೀಯಾ? ಹಸಿ ವಾಸನೆ ಹೋಗೋವರೆಗೂ ಬಿಡ್ತೀಯಲ್ಲ, ನಡುವೆ ಲೊಚಕ್ ಲೊಚಕ್ ಅನ್ನೋವರೆಗೂ. ಇದೂ ಅದೇ ತಾನೆ?"

ಅದೇ. ರಾಗಿ ಹಿಟ್ಟಾದರೂ ಕಾರ್ನ್‌ಫ್ಲೋರ್ ಆದರೂ ಬಿಸಿನೀರು ಕುಡಿದು ಉಬ್ಬಿದರೆ ಮಾತ್ರ ಗಟ್ಟಿ ಆಗುತ್ತದೆ. ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿ ಆಗುವುದಕ್ಕೆ ಹೆಚ್ಚುಕಡಿಮೆ 95 ಡಿಗ್ರಿ ಬೇಕು. ನಮ್ಮ ಬೆಂಗಳೂರು 900 ಮೀಟರ್‌ಗಿಂತ ಎತ್ತರದಲ್ಲಿದೆ, ಇಲ್ಲಿ ನೀರು ಕುದಿಯುವುದೇ 97ರ ಹತ್ತಿರ. ಅಂದರೆ ಪೈ ನಡುವಲ್ಲಿ ನಿಜವಾಗಿ ಕುದಿಯಲೇಬೇಕು. ಅಂಚು ಟಿನ್‌ಗೆ ತಾಗಿರುತ್ತದೆ, ಬೇಗ ಕುದಿಯುತ್ತದೆ, ನಡುವಿನ ಹಣ್ಣಿಗೆ ಕಾವು ತಲುಪಲು ಇನ್ನೂ ಹೊತ್ತು ಹಿಡಿಯುತ್ತದೆ. ಇದನ್ನೆಲ್ಲ ನಾನು ಓದಿದ್ದೆ. ಪೈ ಬಾಯಿಗೂ ಹಾಕದ ಅಣ್ಣ ಕಣ್ಣಲ್ಲಿ ನೋಡಿ ಹೇಳಿದ್ದರು, ನಾನು ಬಣ್ಣ ನೋಡುತ್ತಾ ಕೂತಿದ್ದೆ.

ಇಪ್ಪತ್ತು ನಿಮಿಷ ಏನೂ ಆಗಲಿಲ್ಲ. ಹೊರಗೆ ಅಮ್ಮ ಕಾಫಿ ಬೇಡ ಅಂದಿದ್ದು ಕೇಳಿಸಿತು. ಇಪ್ಪತ್ತೈದಕ್ಕೆ ಕಿಂಡಿಯಲ್ಲಿ ಒಂದು ಗುಳ್ಳೆ ಎದ್ದು ಒಡೆಯಿತು, ತೆಳ್ಳಗೆ. ಎದ್ದೆ. ಅಣ್ಣ ಕೈ ಅಡ್ಡ ಇಟ್ಟರು. ಮೂವತ್ತೈದಕ್ಕೆ ಗುಳ್ಳೆಗಳು ನಿಧಾನ ಆದವು, ದಪ್ಪ ಆದವು, ಒಂದು ಎದ್ದು ನಿಂತು, ಆಮೇಲೆ ಒಡೆಯುವುದು. ರಸ ಮಬ್ಬು ಬಿಳುಪು ಹೋಗಿ ಗಾಜಿನ ಥರ ಹೊಳೆಯಿತು. ಈಗ ತೆಗೆ ಅಂದರು.

ಐದೂವರೆಗೆ ಅದು ಸುಡುತ್ತಿತ್ತು. ಅಮ್ಮನ ಹತ್ತಿರ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ನಾನು ಬೇಗ ತೆಗೆದೆ, ಅದು ನನ್ನ ತಪ್ಪು, ಇದನ್ನು ಒಂಬತ್ತರವರೆಗೆ ಕತ್ತರಿಸಬೇಡಿ, ಫ್ರಿಜ್‌ಗೂ ಇಡಬೇಡಿ, ಹೊರಗೇ ಆರಲಿ. ಎರಡರ ದುಡ್ಡೂ ವಾಪಸ್ ಕೊಡಬೇಕು ಅಂತ ಮ್ಯಾನೇಜರ್ ಮುಂದೆಯೇ ಹೇಳಿದೆ. ಅವರು ಒಂದರದ್ದು ಮಾತ್ರ ಕೊಟ್ಟರು. ಪೈ ತೊಡೆ ಮೇಲೆ ಟವೆಲ್ ಹಾಕಿ ಇಟ್ಟುಕೊಂಡು ನಾನೇ ಅಮ್ಮನ ಜೊತೆ ಆಟೋ ಹತ್ತಿದೆ. ಸೌತ್ ಎಂಡ್ ಸರ್ಕಲ್ ಹತ್ತಿರ ಮಳೆ ಹಿಡಿಯಿತು. ಜಯನಗರ ತಲುಪುವವರೆಗೆ ಅವರು ಮಿಶಿಗನ್ ಕಥೆ ಹೇಳಿದರು, ಅಲ್ಲಿ ಗಂಡ ಹೆಂಡತಿ ತೋಟಕ್ಕೆ ಹೋಗಿ ಬಕೆಟ್‌ನಲ್ಲಿ ಚೆರಿ ಕಿತ್ತು ತರುತ್ತಿದ್ದದ್ದು, ಬೀಜ ತೆಗೆದು ಅವರ ಉಗುರೆಲ್ಲ ವಾರಗಟ್ಟಲೆ ಕೆಂಪಗೇ ಇರುತ್ತಿದ್ದದ್ದು. ನನ್ನ ಉಗುರು ನೋಡಿ ನಕ್ಕರು.

ಮರುದಿನ ಬೆಳಗ್ಗೆ ಹತ್ತಕ್ಕೆ ಮೆಸೇಜ್ ಬಂತು. ರಾತ್ರಿ ಯಜಮಾನರು ಎಂಟೂವರೆಗೇ ಮಲಗಿಬಿಟ್ಟರಂತೆ, ವಯಸ್ಸಾಗಿದೆಯಲ್ಲ. ಬೆಳಗ್ಗೆ ಕಾಫಿ ಜೊತೆ ತಿಂದರಂತೆ. ತುಂಡು ನೆಟ್ಟಗೆ ನಿಂತಿತ್ತು ಅಂತಲೂ ಬರೆದಿದ್ದರು. ಹುಟ್ಟುಹಬ್ಬ ಮುಗಿದ ಮೇಲೆ.

ಅಣ್ಣನ ಹತ್ತಿರ ಅವತ್ತೇ ಕ್ಷಮೆ ಕೇಳಿದೆ. ಈಗ ಪೈ ಯಾವಾಗ ತೆಗೆಯಬೇಕು ಅನ್ನುವುದು ಅವರ ತೀರ್ಮಾನ, ಬೇಗ ಬಣ್ಣ ಬಂದರೆ ಫಾಯಿಲ್ ಹೊದಿಸುತ್ತೇನೆ, ಗಡಿಯಾರ ನೋಡಿ ಅವಸರ ಮಾಡುವುದಿಲ್ಲ. ರಸ ಬಸಿದು ಒಲೆ ಮೇಲೆ ಕುದಿಸುವುದನ್ನು ಎಷ್ಟೇ ತಡ ಆಗಿದ್ದರೂ ಬಿಡುವುದಿಲ್ಲ. ಪೈ ಆರ್ಡರ್ ಬಂದರೆ ಒಂದು ದಿನ ಮುಂಚೆಯೇ ಮಾಡಿ ರಾತ್ರಿಯಿಡೀ ಆರಲು ಬಿಡುತ್ತೇವೆ. ಟ್ಯಾಬ್‌ನಲ್ಲಿ ಇವತ್ತಿಗೂ ನಾಲ್ಕು ಗಂಟೆ ಅಂತಲೇ ಇದೆ. ಅದಕ್ಕೆ ಕೌಂಟರ್ ಹುಡುಗರಿಗೆ ನಾನೇ ಹೇಳಿಟ್ಟಿದ್ದೇನೆ, ಪೈ ಅಂದರೆ ಮೊದಲು ಒಳಗೆ ಬಂದು ಕೇಳಿ ಅಂತ. ಬೀಜ ತೆಗೆಯುವ ಹೊಸ ಯಂತ್ರ ಮಾತ್ರ ಬಂದಿಲ್ಲ.

ಈ ವರ್ಷ ಆ ಅಮ್ಮನ ಆರ್ಡರ್ ಇನ್ನೂ ಬಂದಿಲ್ಲ. ನಂಬರ್ ನನ್ನ ಫೋನ್‌ನಲ್ಲಿದೆ. ನಾನೇ ಕರೆ ಮಾಡಿ ವಿಚಾರಿಸಲಾ ಅಂತ ಎರಡು ದಿನದಿಂದ ಯೋಚಿಸುತ್ತಿದ್ದೇನೆ. ಚೆರಿ ಇನ್ನು ಮೂರು ವಾರ ಸಿಗಬಹುದು.