ಮೀಟರ್ ಕುಣಿಯಿತು, ಮಣಿಸರವೂ ಕುಣಿಯಿತು

ಉತ್ತರ ಕನ್ನಡದ ಅಂಕೋಲಾ ಕಡೆಯ ಹಾಲಕ್ಕಿ ಒಕ್ಕಲಿಗರ ಕೊಪ್ಪವೊಂದರ ಜಗಲಿಯಲ್ಲಿ ರೆಕಾರ್ಡ್ ಮಾಡಿದ 40 ನಿಮಿಷದ ಫೈಲೊಂದು ನಮ್ಮ ವಿಡಿಯೊ ಯೂನಿಟ್ಟಿನ ಹಾರ್ಡ್‌ಡಿಸ್ಕಿನಲ್ಲಿ ಇನ್ನೂ ಕೂತಿದೆ. ಅಳಿಸಲು ಮನಸ್ಸು ಬರುವುದಿಲ್ಲ, ಟೈಮ್‌ಲೈನಿಗೆ ಎಳೆಯಲು ಧೈರ್ಯ ಇಲ್ಲ. ಅಜ್ಜಿಯ ದನಿ ಗಟ್ಟಿಯಾಗಿದೆ, ಹಾಡಿನ ಒಂದು ಸಾಲೂ ತಪ್ಪಿಲ್ಲ. ಆದರೆ ಉಸಿರು ಎಳೆದಾಗೊಮ್ಮೆ, ಕೈ ಎತ್ತಿದಾಗೊಮ್ಮೆ ಚರ್ರ್, ಟಕ್, ಚರ್ರ್.

ಮಣಿಸರ. ಹಾಲಕ್ಕಿ ಹೆಂಗಸರ ಕುತ್ತಿಗೆಯಿಂದ ಎದೆಯವರೆಗೆ ಸಾಲುಸಾಲು ಮಣಿ ಇರುತ್ತದೆ ಎಂಬುದು ಈ ಜಿಲ್ಲೆಯಲ್ಲಿ ಯಾರಿಗೆ ಗೊತ್ತಿಲ್ಲ? ಕಾಲರ್ ಮೈಕ್ ಕೂರುವುದೂ ಅದೇ ಜಾಗದಲ್ಲಿ, ಗದ್ದದಿಂದ ಒಂದು ಗೇಣು ಕೆಳಗೆ. ಇವೆರಡನ್ನೂ ಕೂಡಿಸಿ ನೋಡುವ ಬುದ್ಧಿ ಅವತ್ತು ಓಡಲಿಲ್ಲ. ಸರಗಳ ನಡುವೆ ಸಂದಿ ಹುಡುಕಿ ಸೀರೆಯಂಚಿಗೆ ಕ್ಲಿಪ್ ಸಿಕ್ಕಿಸಿದ್ದಾಯಿತು. "ತಮಾ, ಇದು ಕಚ್ಚೂದಿಲ್ಲ ಅಲ್ದಾ?" ಎಂದು ಅಜ್ಜಿ ಕೇಳಿದಾಗ ಎಲ್ಲರೂ ನಕ್ಕೆವು. ಮೈಕಿನ ಸಿಗ್ನಲ್ ಹಿಡಿಯುವ ರಿಸೀವರಿನ ಮೀಟರಿನಲ್ಲಿ ಹಸಿರು ಗೆರೆ ಮೈನಸ್ 12 ಡೆಸಿಬಲ್ ಆಸುಪಾಸಿನಲ್ಲಿ ಚಂದಕ್ಕೆ ಏರಿಳಿಯುತ್ತಿತ್ತು. ಹೆಡ್‌ಫೋನ್ ಬ್ಯಾಗಿನಲ್ಲೇ ಉಳಿಯಿತು.

ಅದನ್ನು ಹೊರತೆಗೆದದ್ದು ಎಲ್ಲ ಮುಗಿದ ಮೇಲೆ, ಸುಮ್ಮನೆ ಒಮ್ಮೆ ಕೇಳೋಣವೆಂದು. ಹತ್ತು ಸೆಕೆಂಡಿಗೇ ವಿಷಯ ಗೊತ್ತಾಯಿತು. ಆದರೂ ಫೈಲನ್ನು ಮುಂದಕ್ಕೆ ಓಡಿಸುತ್ತ ಹೋದೆವು, ಎಲ್ಲಾದರೂ ಸರಿಯಿರಬಹುದೆಂಬ ಆಸೆ. ಎಲ್ಲೂ ಇರಲಿಲ್ಲ. ಅಜ್ಜಿ ಆಗಲೇ ಎದ್ದು ಕೊಟ್ಟಿಗೆ ಕಡೆ ಹೋಗಿದ್ದರು. ಇನ್ನೊಮ್ಮೆ ಹಾಡಿ ಎನ್ನಲು ಬಾಯಿ ಬರಲಿಲ್ಲ. ಸರ ತೆಗೆಯಿರಿ ಎನ್ನುವುದಂತೂ ಕೇಳುವ ಮಾತೇ ಅಲ್ಲ.

ಮೀಟರ್ ತೋರಿಸುವುದು ಸದ್ದು ಎಷ್ಟು ಎಂಬುದನ್ನು, ಯಾವುದರ ಸದ್ದು ಎಂಬುದನ್ನಲ್ಲ. ಫ್ಯಾನಿನ ಗುಂಯ್ ಅಥವಾ ಕರೆಂಟಿನ 50 ಹರ್ಟ್ಸ್ ಹಮ್ ಒಂದೇ ಸಮನೆ ಇರುವುದರಿಂದ ಸಾಫ್ಟ್‌ವೇರ್ ಅದನ್ನು ಗುರುತಿಸಿ ಕಳೆಯುತ್ತದೆ. ಮಣಿಯ ಟಕ್ ಹಾಗಲ್ಲ. ಕ್ಷಣದಲ್ಲಿ ಬಂದು ಹೋಗುತ್ತದೆ, ಮಾತಿನ ಚ, ಟ, ಸ ಇರುವ ಮೇಲಿನ ಆವರ್ತನಗಳಲ್ಲೇ ಕೂರುತ್ತದೆ. ಅದನ್ನು ಕೆರೆದರೆ ಅಕ್ಷರವೂ ಕಿತ್ತುಬರುತ್ತದೆ.

ಆ ವೈರ್‌ಲೆಸ್ ಮೈಕ್ ಬಂದದ್ದಾದರೂ ಹೇಗೆ? ಖರೀದಿಗೆ ಮೇಲೆ ಹೋದ ಪಟ್ಟಿಯಲ್ಲಿ ಎರಡೇ ಕಾಲಂ: ಬೆಲೆ, ರೇಂಜ್. ಡಬ್ಬದ ಮೇಲೆ 200 ಮೀಟರ್ ಎಂದು ಬರೆದದ್ದು ಪಾಸಾಯಿತು. ನಾವು ಮಾತಾಡಿಸುವವರು ಕೂರುವುದು ಎಂಟಡಿ ದೂರದಲ್ಲಿ. ಆ 200 ಮೀಟರ್ ಕೂಡ ಎದುರುಬದುರು, ಅಡ್ಡ ಏನೂ ಇಲ್ಲದಿದ್ದಾಗಿನ ಲೆಕ್ಕ. 2.4 ಗಿಗಾಹರ್ಟ್ಸ್ ಸಿಗ್ನಲನ್ನು ಮನುಷ್ಯನ ಮೈ ಹೀರುತ್ತದೆ. ಸಿಗ್ನಲ್ ಕಳಿಸುವ ಟ್ರಾನ್ಸ್‌ಮಿಟರ್ ಬೆನ್ನಿಗಿದ್ದು ಕ್ಯಾಮೆರಾ ಎದುರಿಗಿದ್ದರೆ ಮೂವತ್ತು ಹೆಜ್ಜೆಯಲ್ಲೇ ದನಿ ತುಂಡಾಗಬಹುದು. ಕೋಣೆಯೊಳಗೆ ಗೋಡೆಗೆ ಬಡಿದು ಬಂದ ಸಿಗ್ನಲ್ ಕೈ ಹಿಡಿಯುತ್ತದೆ. ಕಾರವಾರದ ಟಾಗೋರ್ ಬೀಚಿನಂಥ ಬಯಲಿನಲ್ಲಿ ಆ ಗೋಡೆಯೂ ಇಲ್ಲ.

ಹಾಗಾಗಿ ರೇಂಜಿಗಿಂತ ಮೊದಲು ನೋಡಬೇಕಾದದ್ದು ಟ್ರಾನ್ಸ್‌ಮಿಟರ್ ತನ್ನೊಳಗೇ ರೆಕಾರ್ಡ್ ಮಾಡಿಕೊಳ್ಳುತ್ತದೆಯೇ ಎಂಬುದು. ರೋಡ್ ವೈರ್‌ಲೆಸ್ ಗೋ 2, ಡಿಜೆಐ ಮೈಕ್ 2 ಇವುಗಳಲ್ಲಿ ಅದಿದೆ. ಹಾಲಿಲ್ಯಾಂಡ್ ಲಾರ್ಕ್ ಎಂ2ನಂಥ ಹಗುರ ಸೆಟ್‌ಗಳಲ್ಲಿ ಇಲ್ಲ. ಇದ್ದರೆ ಸಾಲದು, ಶೂಟಿಗೆ ಮೊದಲು ಆನ್ ಮಾಡಿರಬೇಕು. 32 ಬಿಟ್ ಫ್ಲೋಟ್ (ಜೋರಾದ ಸದ್ದನ್ನು ಆಮೇಲೆ ಇಳಿಸಿಕೊಳ್ಳಬಹುದಾದ ರೆಕಾರ್ಡಿಂಗ್) ಇದೆ, ಗೇನ್, ಅಂದರೆ ಸದ್ದನ್ನು ಎಷ್ಟು ಹಿಗ್ಗಿಸಬೇಕೆಂಬ ಚಿಂತೆ ಬೇಡ ಎನ್ನುವವರಿಗೆ ಒಂದು ಮಾತು: ಗಾಳಿ ಹೊಡೆದು ಮೈಕಿನೊಳಗೆ ಸದ್ದು ಹಿಡಿಯುವ ಕ್ಯಾಪ್ಸೂಲೇ ಒಡೆದ ಸದ್ದು ಕೊಟ್ಟರೆ ಎಷ್ಟು ಬಿಟ್ ಇದ್ದರೂ ಒಡೆದದ್ದೇ ದಾಖಲಾಗುತ್ತದೆ.

ಇನ್ನು ಕೂತು ಮಾತಾಡುವ ಸಂದರ್ಶನಕ್ಕೆ ವೈರ್‌ಲೆಸ್ ಯಾಕೆ ಬೇಕು ಎಂಬುದು ನಮ್ಮಲ್ಲಿ ಮುಗಿಯದ ಜಗಳ. ಬೋಯಾ ಬಿವೈ-ಎಂ1ನಂಥ ವೈರ್ ಮೈಕಿಗೆ 6 ಮೀಟರ್ ಕೇಬಲ್ ಇದೆ, ಜಗಲಿಗೆ ಧಾರಾಳ. ಅದರ ಡಬ್ಬಿಯಲ್ಲಿ ಒಂದು ಸ್ವಿಚ್, ಒಳಗೆ ಎಲ್‌ಆರ್44 ಸೆಲ್. ಕ್ಯಾಮೆರಾಕ್ಕೆ ಹಾಕಿದಾಗ ಸ್ವಿಚ್ ಕ್ಯಾಮೆರಾ ಕಡೆ, ಮೊಬೈಲಿಗಾದರೆ ಆಫ್ ಕಡೆ. ಶೂಟ್ ಮುಗಿದ ಮೇಲೆ ಕ್ಯಾಮೆರಾ ಕಡೆಯೇ ಬಿಟ್ಟರೆ ಮುಂದಿನ ಸಲ ಸೆಲ್ ಸತ್ತಿರುತ್ತದೆ. ಬ್ಯಾಗಿನಲ್ಲಿ ಎರಡು ಸೆಲ್ ಹೆಚ್ಚಿಗೆ ಇಡುವುದಕ್ಕೆ ಯಾರ ಸಹಿಯೂ ಬೇಕಿಲ್ಲ.

ಪಿನ್ನಿನ ಗೊಂದಲವೂ ಇಲ್ಲೇ. ಪಿನ್ನಿನ ಮೇಲೆ ಮೂರು ಕಪ್ಪು ಗೆರೆ ಇದ್ದರೆ ಟಿಆರ್‌ಆರ್‌ಎಸ್, ಮೊಬೈಲಿನದು. ಎರಡೇ ಇದ್ದರೆ ಟಿಆರ್‌ಎಸ್, ಕ್ಯಾಮೆರಾ ಮತ್ತು ಟ್ರಾನ್ಸ್‌ಮಿಟರಿನದು. ಮೊಬೈಲ್ ಮೈಕನ್ನು ಹಾಗೇ ಕ್ಯಾಮೆರಾಕ್ಕೆ ತುರುಕಿದರೆ ಕೆಲವು ಸಲ ತೆಳು ಸದ್ದು, ಕೆಲವು ಸಲ ಏನೂ ಇಲ್ಲ. ಇನ್ನೂ ಕೆಟ್ಟದ್ದೆಂದರೆ, ಹೊರಗಿನ ಮೈಕ್ ಸರಿಯಾಗಿ ಕೂರದೆ ಒಳಗಿನದೇ ಓಡುತ್ತಿರುವುದು. ಆಗಲೂ ಮೀಟರ್ ಕುಣಿಯುತ್ತದೆ. ಹೆಡ್‌ಫೋನ್ ಹಾಕಿಕೊಂಡು ಕಾಲರ್ ಮೈಕಿನ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯಿರಿ. ಕರಕರ ಕಿವಿಯೊಳಗೇ ಕೇಳಿದರೆ ಅದೇ ಮೈಕ್ ಓಡುತ್ತಿದೆ.

ಕ್ಯಾಪ್ಸೂಲ್ ಓಮ್ನಿಯೇ ಇರಲಿ, ಅಂದರೆ ಎಲ್ಲ ದಿಕ್ಕಿನ ಸದ್ದನ್ನೂ ಹಿಡಿಯುವಂಥದು. ಮುಂದಿನ ಸದ್ದನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಸುತ್ತಲ ಗಲಾಟೆ ತಗ್ಗಿಸುತ್ತದೆ ನಿಜ, ಆದರೆ ಗಾಳಿಗೂ ಬಟ್ಟೆಯ ಉಜ್ಜಿಗೂ ಬೇಗ ಬಗ್ಗುತ್ತದೆ. ಮಾತಾಡುವವರು ಪಕ್ಕಕ್ಕೆ ತಿರುಗಿದರೆ ದನಿಯ ಬಣ್ಣವೇ ಬದಲಾಗುತ್ತದೆ. ಓಮ್ನಿಯನ್ನು ತಲೆಕೆಳಗಾಗಿ ಸಿಕ್ಕಿಸಿದರೂ ನಡೆಯುತ್ತದೆ, ಮೂಗಿನ ಉಸಿರು ನೇರ ಬಡಿಯುವುದಿಲ್ಲ, ಬೆವರೂ ಒಳಗಿಳಿಯುವುದು ಕಡಿಮೆ. ಕ್ಲಿಪ್ಪಿನ ಹಿಂದೆ ಕೇಬಲನ್ನು ಒಂದು ಸಣ್ಣ ಸುತ್ತು ಸುತ್ತಿ ಬಟ್ಟೆಯ ಒಳಮೈಗೆ ಮೈಕ್ರೋಪೋರ್ ಟೇಪಿನಿಂದ ಅಂಟಿಸಿ. ಕೆಳಗೆ ಕೇಬಲ್ ಎಳೆದರೂ ಆ ಎಳೆತ ಮೈಕಿಗೆ ಮುಟ್ಟುವುದಿಲ್ಲ. ಮೈಕ್ ಒಳಗೇ ಇರುವ ಚೌಕ ಟ್ರಾನ್ಸ್‌ಮಿಟರನ್ನು ತೆಳು ಸೀರೆಗೆ ನೇತುಹಾಕಿದರೆ ಭಾರಕ್ಕೆ ಬಟ್ಟೆ ಜೋತು, ಮೈಕ್ ಎತ್ತಲೋ ನೋಡುತ್ತದೆ. ಅದನ್ನು ಸೊಂಟಕ್ಕೆ ಸಿಕ್ಕಿಸಿ, ಮೇಲಕ್ಕೆ ಸಣ್ಣ ವೈರ್ ಮೈಕ್ ತಂದರೆ ಆಯಿತು.

ಕರಾವಳಿಯಲ್ಲಿ ಮಧ್ಯಾಹ್ನ ಕಡಲಗಾಳಿ ಏಳುತ್ತದೆ. ಫೋಮ್ ಟೋಪಿ ಬಾಯಿಂದ ಬರುವ ಪ, ಬ ತಡೆಯಲು ಮಾತ್ರ. ಬೀಚಿಗೆ ಡೆಡ್‌ಕ್ಯಾಟ್ ಎನ್ನುವ ರೋಮದ ಹೊದಿಕೆಯೇ ಬೇಕು, ಒಣಗಿದ್ದೇ ಬೇಕು. ತುಂತುರಿಗೆ ನೆನೆದು ಮುದ್ದೆಯಾದದ್ದು ಇದ್ದೂ ಇಲ್ಲದ ಹಾಗೆ. ಸಾಧ್ಯವಾದರೆ ಶೂಟನ್ನೇ ಬೆಳಿಗ್ಗೆಗೆ ಹಾಕಿ. ಕ್ಯಾಮೆರಾದಲ್ಲಿ ಆಟೋ ಗೇನ್ ಆಫ್ ಮಾಡಿ. ಇಲ್ಲವಾದರೆ ಮಾತು ನಿಂತಾಗೆಲ್ಲ ಅದು ಗೇನ್ ಏರಿಸಿ ಅಲೆಯನ್ನು ಹತ್ತಿರ ತರುತ್ತದೆ. ಮನೆಗೆ ಬಂದ ಮೇಲೆ ಮೈಕ್ ಒರೆಸಿ, ಸಿಲಿಕಾ ಜೆಲ್ ಹಾಕಿದ ಡಬ್ಬಿಗೆ.

ಮತ್ತೆ ಅಜ್ಜಿಯ ಮನೆಗೆ ಹೋದಾಗ ಕಾಲರ್ ಮೈಕ್ ಹೊರಗೇ ಬರಲಿಲ್ಲ. ಗುರಿಯಿಟ್ಟ ದಿಕ್ಕಿನ ಸದ್ದನ್ನೇ ಹೆಚ್ಚು ಹಿಡಿಯುವ ಶಾಟ್‌ಗನ್ ಮೈಕನ್ನು ಫ್ರೇಮಿನ ಅಂಚಿಗೆ, ತಲೆಯ ಮೇಲೆ ಎರಡಡಿ ಎತ್ತರದಿಂದ ಬಾಯಿಯ ಕಡೆ ಓರೆಯಾಗಿ ಹಿಡಿದದ್ದು. ಮಣಿ ಆಗಲೂ ಸದ್ದು ಮಾಡಿತು, ಆದರೆ ಹಾಡಿನ ಹಿಂದೆ ನಿಂತು, ಅಜ್ಜಿ ತೊಟ್ಟ ಮಣಿಯ ಹಾಗೆಯೇ ಕೇಳಿಸಿತು. "ಕಚ್ಚೂದು ಎಲ್ಲಿ?" ಎಂದು ಅಜ್ಜಿ ಒಮ್ಮೆ ಎದೆ ಮುಟ್ಟಿ ನೋಡಿಕೊಂಡರು.

ಹಾಗೆ ಮೈಕ್ ಎತ್ತಿ ಹಿಡಿಯುವ ಕೋಲಿನ, ಬೂಮ್ ಪೋಲಿನ, ಅರ್ಜಿ ಇನ್ನೂ ಸಹಿಗೆ ಕಾಯುತ್ತಿದೆ. ಸದ್ಯಕ್ಕೆ ಶಿರಸಿಯ ತೋಟದವರೊಬ್ಬರ ಅಡಿಕೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿಯ ತುದಿ ತುಂಡೇ ನಮ್ಮ ಬೂಮ್. ಹಗುರ, ಗಟ್ಟಿ. ಕೊಯ್ಲಿನ ದಿನ ಮಾತ್ರ ವಾಪಸ್ ಕೊಡಬೇಕು.