ಯುದ್ಧದ ಪಾಠಕ್ಕೆ ಒಂದು ಗ್ರಾಫ್ ಹಾಳೆ

ಹುಡುಗರಷ್ಟೇ ಓದುವ ಶಾಲೆಯಲ್ಲಿ ಇತಿಹಾಸದ ಪಾಠ ಯುದ್ಧಕ್ಕೆ ಬಂದಾಗ ತರಗತಿಗೆ ಕಳೆ ಬರುತ್ತದೆ. ಯಾರು ಗೆದ್ದರು, ಎಷ್ಟು ಫಿರಂಗಿ ಇತ್ತು, ಯಾರು ದೊಡ್ಡ ವೀರ ಎಂದು ಪ್ರಶ್ನೆಗಳ ಮಳೆ. ಇದನ್ನು ಬರೀ ಗಲಾಟೆ ಎಂದುಕೊಂಡು ಬೇಗ ಮುಂದಿನ ಪಾಠಕ್ಕೆ ಹೋಗುವ ಶಿಕ್ಷಕರಿದ್ದಾರೆ. ಹಾಗೆ ಮಾಡಬಾರದು. ಆ ಆಸಕ್ತಿಯನ್ನೇ ಹಿಡಿದು ‘ಯಾರು ಗೆದ್ದರು’ ಎಂಬಲ್ಲಿಂದ ‘ಅದು ನಮಗೆ ಗೊತ್ತಾದದ್ದು ಹೇಗೆ’ ಎಂಬಲ್ಲಿಗೆ ಹುಡುಗರನ್ನು ಕರೆತರಬಹುದು. ಇತಿಹಾಸ ಓದುವುದರ ನಿಜವಾದ ಲಾಭ ಅಲ್ಲೇ ಇದೆ.

ಇದಕ್ಕೆ ನೆಪೋಲಿಯನ್ನನ 1812ರ ರಷ್ಯಾ ದಂಡಯಾತ್ರೆ ಹೇಳಿ ಮಾಡಿಸಿದ ವಿಷಯ. ಶಾರ್ಲ್ ಮಿನಾರ್ ಎಂಬ ಫ್ರೆಂಚ್ ಎಂಜಿನಿಯರ್ 1869ರಲ್ಲಿ ಆ ಸೇನೆ ಕರಗಿದ ಬಗೆಯನ್ನು ಒಂದೇ ನಕ್ಷೆಯಲ್ಲಿ ತೋರಿಸಿದ. ಸೇನೆ ಸಾಗಿದ ದಾರಿಯನ್ನು ಅದರಲ್ಲಿ ಒಂದು ಪಟ್ಟಿಯಂತೆ ಎಳೆದಿದ್ದಾನೆ; ಆ ಪಟ್ಟಿಯ ಅಗಲವೇ ಸೈನಿಕರ ಸಂಖ್ಯೆ: 10,000 ಜನಕ್ಕೆ 1 ಮಿಲಿಮೀಟರ್. ನಕ್ಷೆಯನ್ನು ಮೊದಲೇ ತೋರಿಸಬೇಡಿ, ಅಂಕಿಗಳನ್ನಷ್ಟೇ ಕೊಡಿ; ಅವುಗಳಿಂದ ಹುಡುಗರೇ ಪಟ್ಟಿ ಎಳೆಯಲಿ. ರಷ್ಯಾದ ಗಡಿಯಲ್ಲಿದ್ದ ನೇಮನ್ ನದಿ ದಾಟಿದಾಗ 4,22,000. ಮಾಸ್ಕೋದಲ್ಲಿ 1,00,000. ವಾಪಸಾಗುತ್ತ ಬೆರೆಜಿನಾ ನದಿ ತಲುಪಿದಾಗ 50,000, ದಾಟಿದ ಮೇಲೆ 28,000. ಮತ್ತೆ ನೇಮನ್ ದಂಡೆಗೆ ಬಂದಾಗ 10,000.

ಗೆರೆ ಎಳೆಯುವ ಮುಂಚೆ ಪ್ರತಿಯೊಬ್ಬನೂ ಒಂದು ಸಾಲು ಬರೆಯಲಿ: ಈ ಸೇನೆ ನಾಶವಾದದ್ದು ಏಕೆ? ಐದು ನಿಮಿಷ ಯಾರೂ ಮಾತಾಡಬಾರದು. ಈ ಮೌನ ಬೇಕೇಬೇಕು. ಇಲ್ಲದಿದ್ದರೆ ದೊಡ್ಡ ಗಂಟಲಿನ ಇಬ್ಬರು ಹೇಳಿದ್ದೇ ಇಡೀ ತರಗತಿಯ ಅಭಿಪ್ರಾಯವಾಗುತ್ತದೆ. ಸಾಮಾನ್ಯವಾಗಿ ಬರುವ ಉತ್ತರ ‘ಚಳಿ’.

ಆಮೇಲೆ ಮಿಲಿಮೀಟರ್ ಗ್ರಾಫ್ ಹಾಳೆ, ಚೂಪಾದ ಪೆನ್ಸಿಲ್. ದಪ್ಪ ಸ್ಕೆಚ್ ಪೆನ್ ಕೊಟ್ಟರೆ ಕೊನೆಯ 1 ಮಿಲಿಮೀಟರ್ ಗೆರೆ ಸಿಗುವುದೇ ಇಲ್ಲ. ದೂರದ ಅಳತೆಯನ್ನೂ ಅಗಲದ ಅಳತೆಯನ್ನೂ ಬೆರೆಸಿಬಿಡುವವರು ಇದ್ದೇ ಇರುತ್ತಾರೆ. ಎರಡನ್ನೂ ಹಾಳೆಯ ಮೂಲೆಯಲ್ಲಿ ಮೊದಲೇ ಬರೆಸಿ. ಹೊರಟಾಗ 42 ಮಿಲಿಮೀಟರ್ ಇದ್ದ ಪಟ್ಟಿ ಮಾಸ್ಕೋದಲ್ಲಿ 10ಕ್ಕೆ ಇಳಿಯುತ್ತದೆ. ಈಗ ತಾರೀಖು ಹೇಳಿ: ನದಿ ದಾಟಿದ್ದು ಜೂನ್ ಕೊನೆಗೆ, ಮಾಸ್ಕೋ ಹೊಕ್ಕಿದ್ದು ಸೆಪ್ಟೆಂಬರ್ 14ಕ್ಕೆ. ಹಿಮ ಬೀಳುವ ಮುಂಚೆಯೇ ಪಟ್ಟಿಯ ಮುಕ್ಕಾಲು ಪಾಲು ಹೋಗಿದೆ! ಬಿಸಿಲು, ಹಸಿವು, ಹೇನಿನಿಂದ ಹರಡುವ ಟೈಫಸ್ ಜ್ವರ, ಸೇನೆ ಬಿಟ್ಟು ಓಡಿದವರು ಎಲ್ಲವೂ ಆಗ ಚರ್ಚೆಗೆ ಬರುತ್ತವೆ. ಈ ತೀರ್ಮಾನವನ್ನು ಶಿಕ್ಷಕರು ಬಾಯಿಬಿಟ್ಟು ಹೇಳಿಬಿಟ್ಟರೆ ಅರ್ಧ ಪಾಠ ಕೆಟ್ಟಂತೆ.

ಇಲ್ಲಿಗೆ ನಿಲ್ಲಿಸುವುದೂ ತಪ್ಪು. ಹುಡುಗರು 4,22,000ದಲ್ಲಿ 10,000 ಕಳೆದು, ಉಳಿದವರೆಲ್ಲ ಸತ್ತರು ಎಂದು ಬರೆಯುತ್ತಾರೆ. ಈಗ ಮಿನಾರನ ನಕ್ಷೆಯನ್ನು ಹಂಚಿ. ಮುಖ್ಯ ಪಟ್ಟಿಯಿಂದ ಕವಲುಗಳು ಒಡೆದಿವೆ; ಬೇರೆ ಕಡೆ ಕಳಿಸಿದ ತುಕಡಿಗಳವು. ಬೆರೆಜಿನಾದ 50,000ದಲ್ಲೂ ಮಾಸ್ಕೋದಿಂದ ಬಂದವರು 20,000 ಮಾತ್ರ, ಮಿಕ್ಕ 30,000 ಪಕ್ಕದಿಂದ ಬಂದು ಸೇರಿದವರು. ಅಷ್ಟೇ ಅಲ್ಲ, ಸೇನೆ ಕರಗಿದ್ದು ಕಣ್ಣಿಗೆ ಚೆನ್ನಾಗಿ ಕಾಣಲೆಂದು ಬೇರೆ ದಾರಿ ಹಿಡಿದಿದ್ದ ಕೆಲವು ತುಕಡಿಗಳನ್ನು ಮುಖ್ಯ ಸೇನೆಯ ಜೊತೆಗೇ ಸೇರಿಸಿ ತೋರಿಸಿದ್ದೇನೆಂದು ಮಿನಾರನೇ ಅದರಲ್ಲಿ ಬರೆದಿದ್ದಾನೆ. ಇನ್ನೊಂದು ಸೂಕ್ಷ್ಮ: ನಕ್ಷೆಯ ಕೆಳಭಾಗದಲ್ಲಿ ಉಷ್ಣತೆ ತೋರಿಸುವ ಗೆರೆ ಇರುವುದು ವಾಪಸು ಬಂದ ದಾರಿಗೆ ಮಾತ್ರ. ನೋಡಿದವರ ಮನಸ್ಸು ಚಳಿಯ ಕಡೆಗೇ ವಾಲಿದರೆ ಆಶ್ಚರ್ಯವಿಲ್ಲ. ಒಳ್ಳೆಯ ಆಕರವೂ ಏನನ್ನೋ ಎತ್ತಿ ತೋರಿಸಿ ಇನ್ನೇನನ್ನೋ ಬಿಡುತ್ತದೆ ಎಂಬುದು ತಾನೇ ಗೆರೆ ಎಳೆದ ಹುಡುಗನಿಗೆ ಬೇಗ ಅರ್ಥವಾಗುತ್ತದೆ.

ಈಗ ಮೊದಲು ಬರೆದ ಸಾಲನ್ನು ಅಳಿಸದೆ, ಕೆಳಗೆ ಮೂರು ವಾಕ್ಯ ಬರೆಸಿ: ಒಂದು ಹೇಳಿಕೆ, ಅದಕ್ಕೆ ಆಧಾರವಾದ ಒಂದು ಅಂಕಿ, ಆ ಅಂಕಿಯಿಂದ ಸಾಬೀತಾಗದ ಒಂದು ಸಂಗತಿ. ಮೂರನೆಯದೇ ಕಷ್ಟ. ಮೌಲ್ಯಮಾಪನದಲ್ಲಿ ಹೆಚ್ಚು ಅಂಕ ಅದಕ್ಕೇ ಇರಲಿ.

ಕೊನೆಯ ಹದಿನೈದು ನಿಮಿಷ ಬೇರೊಂದು ಪ್ರಶ್ನೆಗೆ ಮೀಸಲಿಡಿ: ಈ ಪಟ್ಟಿಯಲ್ಲಿ ಯಾರಿಲ್ಲ? ರಷ್ಯಾದ ಸೈನಿಕರಿಲ್ಲ, ದಾರಿಯುದ್ದಕ್ಕೂ ಧಾನ್ಯ ಕಳೆದುಕೊಂಡ ಹಳ್ಳಿಗರಿಲ್ಲ ಎಂದು ಯಾರಾದರೂ ಹೇಳಬಹುದು. ಸೇನೆಯ ಹಿಂದೆ ಊಟ, ಮದ್ಯ ಮಾರುತ್ತ, ಬಟ್ಟೆ ಒಗೆಯುತ್ತ ನಡೆದ ಹೆಂಗಸರೂ ಅವರ ಮಕ್ಕಳೂ ಇದ್ದರು. ಬೆರೆಜಿನಾ ದಂಡೆಯಲ್ಲಿ ಅವರೂ ಸಿಕ್ಕಿಬಿದ್ದರು. ಬರೀ ಹುಡುಗರಿರುವ ತರಗತಿಯಲ್ಲಿ ಈ ಮಾತು ತಾನಾಗಿ ಏಳುವುದು ಅಪರೂಪ. ಏಳದಿದ್ದರೆ ಶಿಕ್ಷಕರೇ ಎತ್ತಿ, ಅವರಿಗೆಷ್ಟು ಮಿಲಿಮೀಟರ್ ಎಂದು ಕೇಳಬೇಕು.