ಫೋಟೊ ಇಲ್ಲದ ಭಾನುವಾರಗಳು: ಹಾಸನದಲ್ಲಿ ಕೈ ಬೇಕಾಗಿರುವುದು ಯಾವಾಗ?

ಜೂನ್ 5ರ ಬೆಳಿಗ್ಗೆ ಒಂದು ಸಸಿ ನೆಡಲು ಹತ್ತು ಜನ ಕೈ ಹಾಕುತ್ತಾರೆ. ಮುಂದಿನ ಮಾರ್ಚ್‌ನಲ್ಲಿ ಅದೇ ಸಸಿಗೆ ಒಂದು ಕೊಡ ನೀರು ಹಾಕಲು ಆಳು ಸಿಗುವುದಿಲ್ಲ. ‘ಊರಿಗೆ ಏನಾದರೂ ಮಾಡಬೇಕು, ಎಲ್ಲಿಗೆ ಹೋಗಲಿ?’ ಎಂದು ಕೇಳುವವರಿಗೆ ಜಾಗಕ್ಕಿಂತ ಮೊದಲು ತಿಂಗಳು ಹೇಳಬೇಕು. ಅಕ್ಟೋಬರ್ 2ಕ್ಕೆ, ಹಾಸನಾಂಬೆಯ ಬಾಗಿಲು ತೆರೆದಿರುವ ದಿನಗಳಿಗೆ ಎನ್‌ಎಸ್‌ಎಸ್, ಸ್ಕೌಟ್ಸ್ ಮಕ್ಕಳು ಬೇಕಾದಷ್ಟು ಇರುತ್ತಾರೆ. ಕೈ ಕಡಿಮೆ ಬೀಳುವುದು ಸಂಕ್ರಾಂತಿ ಕಳೆದ ಮೇಲೆ, ಮಳೆ ಹಿಡಿಯುವವರೆಗೆ.

ಸಸಿಯ ವಿಷಯವನ್ನೇ ಮುಗಿಸಿಬಿಡೋಣ. ಸಕಲೇಶಪುರದ ಕಡೆ ನೆಟ್ಟ ಗಿಡ ಮಳೆಯನ್ನೇ ನಂಬಿ ಒಂದಷ್ಟು ದೂರ ಹೋಗುತ್ತದೆ. ಅರಸೀಕೆರೆ, ಚನ್ನರಾಯಪಟ್ಟಣದ ಕಡೆ ಹಾಗಲ್ಲ. ಮೊದಲ ಎರಡು ಬೇಸಿಗೆ ವಾರಕ್ಕೊಮ್ಮೆ ಗಿಡಕ್ಕೆ ಒಂದು ಬಿಂದಿಗೆ, ಅಂದರೆ ಹತ್ತು ಲೀಟರಿನಷ್ಟು ನೀರು ಬೇಕು. ಅದನ್ನು ದಿನಕ್ಕೊಂದು ಚೊಂಬಿನಂತೆ ಹಂಚಿ ಹಾಕಿದರೆ ಬೇರು ಮೇಲೇ ಉಳಿಯುತ್ತದೆ. ಒಮ್ಮೆಗೇ ಸುರಿದರೆ ನೀರು ಕೆಳಗಿಳಿಯುತ್ತದೆ, ಬೇರೂ ಅದರ ಹಿಂದೆ ಹೋಗುತ್ತದೆ. ಬುಡಕ್ಕೆ ತರಗೆಲೆಯೋ ಹುಲ್ಲೋ ನಾಲ್ಕು ಬೆರಳು ದಪ್ಪ ಹೊದಿಸಿ, ಕಾಂಡಕ್ಕೆ ಮಾತ್ರ ತಾಗಿಸಬೇಡಿ. ಸೊರಗಿದ ಸಸಿಯ ಬುಡ ಕೆದಕಿದರೆ ಎಷ್ಟೋ ಸಲ ನರ್ಸರಿಯ ಕಪ್ಪು ಪ್ಲಾಸ್ಟಿಕ್ ಚೀಲ ಹಾಗೇ ಇರುತ್ತದೆ. ಸಾವಿರ ಗಿಡದ ಗುರಿ ಇಟ್ಟುಕೊಂಡು ಅವಸರದಲ್ಲಿ ನೆಟ್ಟ ಕಡೆಯೆಲ್ಲ ಇದೇ ಕಥೆ.

ರಕ್ತದಾನಕ್ಕೂ ಇದೇ ಕಾಯಿಲೆ. ದೊಡ್ಡ ಶಿಬಿರಗಳೆಲ್ಲ ಯಾರದೋ ಹುಟ್ಟುಹಬ್ಬಕ್ಕೆ, ಇಲ್ಲವೇ ಜಯಂತಿಗೆ ಬೀಳುತ್ತವೆ. ಕೆಂಪು ರಕ್ತಕಣವನ್ನು ಇಡಬಹುದಾದದ್ದು 35ರಿಂದ 42 ದಿನ, ಪ್ಲೇಟ್‌ಲೆಟ್ ಆದರೆ ಐದೇ ದಿನ. ಒಂದೇ ದಿನ ಇನ್ನೂರು ಜನ ಕೊಟ್ಟ ರಕ್ತ ಎರಡು ತಿಂಗಳ ನಂತರದ ಹೆರಿಗೆಗೆ ಆಗುವುದಿಲ್ಲ. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ಶಿಬಿರಗಳೂ ಇಲ್ಲ, ಆಗಲೇ ಕೊರತೆ. 18ರಿಂದ 65 ವಯಸ್ಸು, ಕನಿಷ್ಠ 45 ಕೆಜಿ ತೂಕ, ಹಿಮೋಗ್ಲೋಬಿನ್ 12.5 ಇದ್ದರೆ ಗಂಡಸರು ಮೂರು ತಿಂಗಳಿಗೊಮ್ಮೆ, ಹೆಂಗಸರು ನಾಲ್ಕು ತಿಂಗಳಿಗೊಮ್ಮೆ ಕೊಡಬಹುದು. ನಿಮ್ಮ ಸರದಿ ಏಪ್ರಿಲ್ ಕೊನೆಗೆ ಬೀಳುವ ಹಾಗೆ ಹಿಂದಿನಿಂದ ಎಣಿಸಿಕೊಂಡು ಬನ್ನಿ. ಶಿಬಿರಕ್ಕಾಗಿ ಕಾಯುವುದೂ ಬೇಡ, ಆಸ್ಪತ್ರೆಯ ರಕ್ತನಿಧಿಗೆ ನೇರವಾಗಿ ಹೋದರೆ ಸಾಕು. ಖಾಲಿ ಹೊಟ್ಟೆಯಲ್ಲಿ ಮಾತ್ರ ಹೋಗಬೇಡಿ.

ಪರೀಕ್ಷೆಯ ಕಾಲದಲ್ಲಿ ಕಣ್ಣು ಕಾಣದ ಮಕ್ಕಳಿಗೆ ಬರೆದುಕೊಡುವವರು ಬೇಕು. ಇಲ್ಲಿ ಪದವೀಧರರಿಗೆ ಒಂದು ನಿರಾಸೆ ಇದೆ: ಬರೆಯುವವರು ಸಾಮಾನ್ಯವಾಗಿ ಅಭ್ಯರ್ಥಿಗಿಂತ ಕೆಳಗಿನ ತರಗತಿಯವರೇ ಆಗಿರಬೇಕು. ಹಾಗಾಗಿ ಎಸ್ಸೆಸ್ಸೆಲ್ಸಿಗೆ ದೊಡ್ಡವರು ಕೂರುವ ಹಾಗಿಲ್ಲ, ಒಂಬತ್ತನೇ ತರಗತಿಯ ಮಕ್ಕಳನ್ನು ತಯಾರು ಮಾಡಬಹುದು. ಪ್ರಶ್ನೆಯನ್ನು ಎರಡು ಸಲ ಓದಬೇಕು, ಹೇಳಿದ್ದನ್ನಷ್ಟೇ ಬರೆಯಬೇಕು, ಬರೆದದ್ದನ್ನು ಓದಿ ಹೇಳಬೇಕು. ಇಬ್ಬರನ್ನೂ ಒಟ್ಟಿಗೆ ಕೂರಿಸಿ ಹಳೆಯ ಪ್ರಶ್ನೆಪತ್ರಿಕೆ ಎರಡನ್ನಾದರೂ ಗಡಿಯಾರ ಇಟ್ಟು ಬರೆಸದಿದ್ದರೆ ಪರೀಕ್ಷೆಯ ದಿನ ಹೆಚ್ಚುವರಿ ಸಮಯವೂ ಸಾಲುವುದಿಲ್ಲ. ಗಣಿತದಲ್ಲಿ ಆವರಣ, ಭಿನ್ನರಾಶಿಗಳನ್ನು ಬಾಯಲ್ಲಿ ಹೇಗೆ ಹೇಳುವುದೆಂಬ ಒಪ್ಪಂದ ಮೊದಲೇ ಆಗಿರಬೇಕು.

ಇನ್ನು ಕಲ್ಯಾಣಿ. ಹೊಯ್ಸಳರ ಈ ಜಿಲ್ಲೆಯಲ್ಲಿ ಹೂಳು ತುಂಬಿದ ಕಲ್ಯಾಣಿಗಳಿಗೆ ಬರವಿಲ್ಲ, ಉತ್ಸಾಹಕ್ಕೂ ಬರವಿಲ್ಲ. ಆದರೆ ಇದು ತಪ್ಪು ಮಾಡಿದರೆ ಕಲ್ಲೂ ಹೋಗುವ, ಕೈಕಾಲೂ ಮುರಿಯುವ ಕೆಲಸ.

ಮೊದಲು ಯಾರದೆಂದು ತಿಳಿಯಿರಿ. ಹಳೇಬೀಡಿನ ಹತ್ತಿರದ ಹುಲಿಕೆರೆ ಕಲ್ಯಾಣಿಯಂಥ, ಪುರಾತತ್ವ ಇಲಾಖೆಯ ನೀಲಿ ಫಲಕ ಇರುವ ಸ್ಮಾರಕಕ್ಕೆ ಇಲಾಖೆ ಹೇಳದೆ ಸನಿಕೆ ತಾಗಿಸುವಂತಿಲ್ಲ. ಉಳಿದವು ಮುಜರಾಯಿಗೋ, ಗ್ರಾಮ ಪಂಚಾಯಿತಿಗೋ, ಖಾಸಗಿಯವರಿಗೋ ಸೇರಿರುತ್ತವೆ. ಒಪ್ಪಿಗೆ ಕಾಗದದಲ್ಲೇ ಇರಲಿ. ದೇವಸ್ಥಾನದ ಅರ್ಚಕರನ್ನು, ಊರಿನ ಹಿರಿಯರನ್ನು ಕೇಳದೆ ದಿನ ಗೊತ್ತು ಮಾಡಬೇಡಿ. ಜಾತ್ರೆಗೆ ಆ ನೀರೇ ಬೇಕಿರಬಹುದು.

ಫೆಬ್ರವರಿ ಮೊದಲ ವಾರ ಶುರುಮಾಡಿ ಭರಣಿ ಮಳೆಗೆ ಮುಂಚೆ ಮುಗಿಸಬೇಕು. ಎಷ್ಟು ಭಾನುವಾರ ಬೇಕೆಂಬ ಲೆಕ್ಕ ಸುಲಭ. ಅಡಿ ಗುರುತು ಹಾಕಿದ ಬಿದಿರು ಗಳುವನ್ನು ನಾಲ್ಕೈದು ಕಡೆ ಚುಚ್ಚಿ ಹೂಳಿನ ಆಳ ನೋಡಿ. ತಳ ಮೂವತ್ತು ಅಡಿಗೆ ಮೂವತ್ತು ಅಡಿ, ಹೂಳು ಎರಡು ಅಡಿ ಎಂದರೆ 1,800 ಘನ ಅಡಿ, ಸುಮಾರು 51 ಘನ ಮೀಟರ್. ಹಸಿ ಹೂಳು ಘನ ಮೀಟರಿಗೆ ಒಂದೂವರೆ ಟನ್ ತೂಗುತ್ತದೆ. ಬಾಂಡ್ಲಿಗೆ ಹದಿನೈದು ಕೆಜಿಯಂತೆ ಐದು ಸಾವಿರ ಬಾಂಡ್ಲಿ. ಇಪ್ಪತ್ತೈದು ಜನರ ಸಾಲು ನಿಮಿಷಕ್ಕೆ ಆರು ಬಾಂಡ್ಲಿ ದಾಟಿಸುತ್ತದೆ, ಮೂರು ಗಂಟೆಗೆ ಸಾವಿರ. ಅಂದರೆ ಐದು ಭಾನುವಾರ. ‘ಒಂದೇ ದಿನದಲ್ಲಿ ಕಲ್ಯಾಣಿ ಸ್ವಚ್ಛ’ ಎಂಬ ಬ್ಯಾನರ್ ಬರೆಸುವ ಮೊದಲು ಈ ಲೆಕ್ಕ ಹಾಕಿ.

ನೀರಿದ್ದರೆ ಪಂಪ್ ಹಚ್ಚಿ ಒಂದೇ ರಾತ್ರಿಗೆ ಬರಿದು ಮಾಡುವುದು ಎಲ್ಲಕ್ಕಿಂತ ದೊಡ್ಡ ತಪ್ಪು. ಗೋಡೆಯ ಹಿಂದಿನ ಮಣ್ಣು ನೀರು ಕುಡಿದು ಊದಿರುತ್ತದೆ, ಒಳಗಿನ ನೀರೇ ಗೋಡೆಗೆ ಒತ್ತಾಸೆ. ಅದನ್ನು ತಟ್ಟನೆ ತೆಗೆದರೆ ಹಿಂದಿನ ಒತ್ತಡ ಕಲ್ಲನ್ನು ಒಳಕ್ಕೆ ದೂಡುತ್ತದೆ. ದಿನಕ್ಕೆ ಸ್ವಲ್ಪ ಸ್ವಲ್ಪವೇ ಇಳಿಸಿ. ಡೀಸೆಲ್ ಎಂಜಿನ್ ಮೇಲೇ ಇರಬೇಕು, ಗುಂಡಿಯೊಳಗೆ ಇಳಿಸಿದರೆ ಹೊಗೆ ತಳದಲ್ಲೇ ನಿಂತು ಜನ ಬೀಳುತ್ತಾರೆ. ಮೇಲ್ಚಾವಣಿ ಇರುವ ಬಾವಿ, ಮುಚ್ಚಿದ ತೊಟ್ಟಿ ಇದ್ದರೆ ಅಲ್ಲಿಗೆ ಸ್ವಯಂಸೇವಕರನ್ನು ಇಳಿಸುವ ಮಾತೇ ಬೇಡ. ದೀಪ ಇಳಿಸಿ ನೋಡುವ ಹಳೆಯ ಪರೀಕ್ಷೆಗೆ ಎಲ್ಲ ವಿಷಗಾಳಿಯೂ ಸಿಗುವುದಿಲ್ಲ.

ಸಾಮಾನು: ಎಂಟು ಸನಿಕೆ, ನಾಲ್ಕು ಹಾರೆ, ಮೂವತ್ತು ಬಾಂಡ್ಲಿ, ತಳದಲ್ಲಿ ನಿಲ್ಲುವವರಿಗೆ ಗಂಬೂಟು, ತಲೆಗೆ ಎರಡು ಜೊತೆ ಗ್ಲೌಸು, ನೂರಡಿಯ ಹಗ್ಗ ಎರಡು, ತಲೆಗೆ ಎರಡು ಲೀಟರ್ ಕುಡಿಯುವ ನೀರು. ಹೂಳಿನೊಳಗೆ ಒಡೆದ ಬಾಟಲಿ ಇದ್ದೇ ಇರುತ್ತದೆ, ಹಾಗಾಗಿ ಬರಿಗಾಲು, ಹವಾಯಿ ಚಪ್ಪಲಿ ಎರಡೂ ಬೇಡ. ಕಾಲಲ್ಲಿ ಗಾಯ ಇರುವವರು ಕೆಸರಿಗೆ ಇಳಿಯಬಾರದು, ಇಲಿ ಜ್ವರ ಆ ದಾರಿಯಲ್ಲೇ ಬರುತ್ತದೆ. ಮೆಟ್ಟಿಲ ಮೇಲೆ ಗೋಣಿಚೀಲ ಹಾಸಿ ಒಬ್ಬರಿಗೊಬ್ಬರು ಎದುರಾಗಿ ನಿಲ್ಲಿ, ಇಪ್ಪತ್ತು ನಿಮಿಷಕ್ಕೊಮ್ಮೆ ಜಾಗ ಬದಲಿಸಿ. ಮೊದಲ ಅರ್ಧ ಗಂಟೆ ಹುಡುಗರು ಬಾಂಡ್ಲಿಯನ್ನು ಶಿಖರ ಬರುವ ಹಾಗೆ ತುಂಬುತ್ತಾರೆ, ಹತ್ತು ಗಂಟೆಗೆ ಸೊಂಟ ಹಿಡಿದುಕೊಂಡು ಕೂರುತ್ತಾರೆ. ಮುಕ್ಕಾಲು ತುಂಬಿದರೆ ಸಾಕು. ಟ್ರ್ಯಾಕ್ಟರ್ ಅಂಚಿನಿಂದ ಹತ್ತು ಅಡಿ ಆಚೆ ನಿಲ್ಲಲಿ. ಜೆಸಿಬಿ ತರುತ್ತೇನೆಂದು ಯಾರಾದರೂ ಹೇಳಿದರೆ ಊಟದ ಖರ್ಚು ಕೊಡಿಸಿಕೊಳ್ಳಿ, ಜೆಸಿಬಿ ಬೇಡವೆನ್ನಿ.

ಕಲ್ಲು ತೊಳೆಯಲು ತೆಂಗಿನ ನಾರು, ನೀರು, ಅಷ್ಟೇ. ಹೊಯ್ಸಳರ ಬಳಪದ ಕಲ್ಲು ಮೃದು, ತಂತಿ ಬ್ರಷ್ ಹಾಕಿದರೆ ಗೆರೆ ಬೀಳುತ್ತದೆ. ಆ್ಯಸಿಡ್, ಸೋಪುಪುಡಿ, ಸುಣ್ಣ-ಕೆಮ್ಮಣ್ಣಿನ ಅಲಂಕಾರ ಯಾವುದೂ ಬೇಡ. ಬಿದ್ದ ಕಲ್ಲಿಗೆ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದು, ಬಿದ್ದಲ್ಲೇ ಫೋಟೊ ತೆಗೆದು ಪಕ್ಕಕ್ಕಿಡಿ. ಸಿಮೆಂಟ್ ಹಾಕಿ ಕೂರಿಸಿದರೆ ಗೋಡೆಯೊಳಗಿನ ನೀರಿಗೆ ದಾರಿ ಮುಚ್ಚಿ ಅದೇ ಗೋಡೆ ಉಬ್ಬುತ್ತದೆ. ಸಂದಿಯಲ್ಲಿ ಅರಳಿ ಗಿಡ ಬೆಳೆದಿದ್ದರೆ ಎಳೆಯಬೇಡಿ, ಬೇರಿನ ಜೊತೆ ಕಲ್ಲೂ ಬರುತ್ತದೆ. ಬುಡಕ್ಕೆ ಕತ್ತರಿಸಿ, ಮತ್ತೆ ಚಿಗುರಿದರೆ ಮತ್ತೆ ಕತ್ತರಿಸಿ.

ವಿಗ್ರಹ, ಶಾಸನ, ನಾಣ್ಯ ಏನೇ ಸಿಕ್ಕರೂ ಕೆಲಸ ನಿಲ್ಲಿಸಿ ತಹಶೀಲ್ದಾರರಿಗೆ ತಿಳಿಸಿ. ಕರ್ನಾಟಕದ 1962ರ ನಿಧಿ ಕಾಯ್ದೆ ಇದೆ, ನೆಲದಲ್ಲಿ ಸಿಕ್ಕ ನಿಧಿ ವರದಿಯಾಗಬೇಕು. ತೊಳೆದು, ಕುಂಕುಮ ಹಚ್ಚಿ, ವಾಟ್ಸ್ಆ್ಯಪ್‌ಗೆ ಹಾಕಿದ ಮೇಲೆ ತಿಳಿಸುವುದಲ್ಲ.

ಹೂಳು ಹೊಲಕ್ಕೆ ಒಳ್ಳೆಯದು, ರೈತರೇ ಟ್ರ್ಯಾಕ್ಟರ್ ತರುತ್ತಾರೆ. ಗಣಪತಿ ಬಿಡುವ ಕಲ್ಯಾಣಿಯಾದರೆ ಮೇಲಿನ ಪದರದ ಬಣ್ಣ, ಪಿಒಪಿ ತುಂಡುಗಳನ್ನು ಬೇರೆ ಮಾಡಿ. ಮಕ್ಕಳಿಗೆ, ವಯಸ್ಸಾದವರಿಗೆ ಇದು ಮೇಲೇ ನಿಂತು ಮಾಡಬಹುದಾದ ಕೆಲಸ.

ಇಷ್ಟೆಲ್ಲ ಮಾಡಿದ ಕಲ್ಯಾಣಿ ಎರಡೇ ಮಳೆಗಾಲಕ್ಕೆ ಮತ್ತೆ ತುಂಬಿಕೊಳ್ಳುವುದೂ ಉಂಟು. ಕಾರಣ ಒಳಗಿಲ್ಲ, ನೀರು ಬರುವ ಕಾಲುವೆಯಲ್ಲಿದೆ. ಅದನ್ನು ಹಾಗೇ ಬಿಟ್ಟು ತಳ ಬಳಿಯುವುದು ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗೆ. ನೀರು ಒಳಬೀಳುವ ಬಾಯಿಗಿಂತ ಹತ್ತಡಿ ಹಿಂದೆ ಎರಡು ಅಡಿ ಉದ್ದ, ಅಗಲ, ಆಳದ ಒಂದು ಗುಂಡಿ ತೆಗೆದು, ಒಳಗೆ ಒಣಕಲ್ಲು ಕಟ್ಟಿ. ಮಣ್ಣು ಅಲ್ಲೇ ಕೂತು, ತಿಳಿನೀರು ಮುಂದೆ ಹೋಗುತ್ತದೆ. ಗುಂಡಿ ತುಂಬಿದ ಮೇಲೆ ಅದು ಇದ್ದೂ ಇಲ್ಲದಂತೆ, ಅದಕ್ಕೇ ಜೂನ್‌ನಿಂದ ಅಕ್ಟೋಬರ್‌ವರೆಗೆ ತಿಂಗಳಿಗೊಮ್ಮೆ ಖಾಲಿ ಮಾಡಬೇಕು: ಇಬ್ಬರು, ಒಂದು ಸನಿಕೆ, ಇಪ್ಪತ್ತೈದು ಬಾಂಡ್ಲಿ, ಒಂದು ಗಂಟೆ. ಈ ಕೆಲಸಕ್ಕೆ ಒಪ್ಪುವವರ ಹೆಸರನ್ನು ಮೊದಲ ಭಾನುವಾರವೇ ಬರೆದುಕೊಳ್ಳಿ. ಐದನೇ ಭಾನುವಾರ ಊಟ ಮುಗಿದ ಮೇಲೆ ಕೇಳಿದರೆ ಎಲ್ಲರೂ ಚಪ್ಪಲಿ ಹುಡುಕುತ್ತಿರುತ್ತಾರೆ.